ಮೊದಲ ಮೊಳೆಯ ಗ್ಲೌಸ್

ಗೋಲ್‌ಕೀಪರ್ ಆಗಬೇಕೆಂದು ಐತಪ್ಪ ಮಾಸ್ಟ್ರ ಬಳಿ ಬಂದವರಿಗೆ ಮೊದಲ ತಿಂಗಳು ಚೆಂಡು ಸಿಗುತ್ತಿರಲಿಲ್ಲ. ಗ್ಲೌಸ್ ತೊಳೆಯುವ ಕೆಲಸ ಸಿಗುತ್ತಿತ್ತು. ಅದೂ ತಮ್ಮ ಗ್ಲೌಸ್ ಅಲ್ಲ, ಬೇರೆಯವರದ್ದು.

ನೇತ್ರಾವತಿಯ ದಡದಲ್ಲಿ ಮಾಸ್ಟ್ರಿಗೆ ಹೆಂಚಿನ ಒಂದು ಕೋಣೆ, ಮುಂದೊಂದು ಜಗಲಿ, ಅದರಾಚೆ ಹೊಯಿಗೆಯ ಮೈದಾನ, ಬರೀ ಮರಳು. ಜಗಲಿಯ ಗೋಡೆಗೆ ಸಾಲಾಗಿ ಹದಿನೇಳು ಮೊಳೆ ಹೊಡೆದಿದ್ದರು. ಹದಿನಾರರಲ್ಲಿ ಒಂದೊಂದು ಜೊತೆ ಗ್ಲೌಸ್ ತೂಗುತ್ತಿತ್ತು. ಕಲಿತು ಹೋದ ಶಿಷ್ಯರು ಬಿಟ್ಟುಹೋದದ್ದು. ಮೊದಲನೆಯ ಮೊಳೆ ಮಾತ್ರ ಖಾಲಿ.

ಪ್ರೆಸಿಲ್ಲ ಆಚೆ ದಡದವಳು. ಕಾಲೇಜು ಮುಗಿಸಿ ಕಡವಿನ ಹಸನಬ್ಬನ ದೋಣಿಯಲ್ಲಿ ದಾಟಿ ಬರುತ್ತಿದ್ದಳು. ಚೆಂಡು ಸಿಕ್ಕಿ ವರ್ಷವಾಗಿದ್ದರೂ ಶನಿವಾರದ ತೊಳೆಯುವ ಕೆಲಸ ಅವಳಿಗೆ ತಪ್ಪಿರಲಿಲ್ಲ. ತಪ್ಪಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ.

ಅವಳು ಎರಡನೆಯ ಮೊಳೆಯಿಂದ ಶುರು ಮಾಡುತ್ತಿದ್ದಳು.

"ಮಾಸ್ಟ್ರೇ, ಇದು ಗೋಣಿಯಾ?"

"ಗೋಣಿಯೇ. ಹೆಂಚಿನ ಫ್ಯಾಕ್ಟರಿಯಲ್ಲಿ ಬಿಸಿ ಹೆಂಚು ಹಿಡಿಯಲಿಕ್ಕೆ ಕೈಗೆ ಕಟ್ಟಿಕೊಳ್ತಿದ್ರು. ಅಲ್ಲಿಯ ಒಬ್ಬ ಅದನ್ನೇ ಕಟ್ಟಿಕೊಂಡು ಗೋಲಿಗೆ ನಿಂತ."

"ಅದರಲ್ಲಿ ಚೆಂಡು ನಿಲ್ತಿತ್ತಾ?"

"ಇಲ್ಲ. ಅವನು ನಿಲ್ತಿದ್ದ."

ಮೂರನೆಯದು ಉಣ್ಣೆ. ಮಳೆಗಾಲದ್ದು. ಒದ್ದೆ ಚೆಂಡು ಉಣ್ಣೆಯಲ್ಲಿ ಅಷ್ಟು ಜಾರುವುದಿಲ್ಲ. ಆಮೇಲಿನದ್ದು ನೂಲಿನದ್ದು, ಅಂಗೈಗೆ ರಬ್ಬರಿನ ಚುಕ್ಕಿ. ಆಮೇಲೆ ತೊಗಲಿನದ್ದು, ಒಣಗಿ ಹಪ್ಪಳವಾಗಿತ್ತು. ಅಲ್ಲಿಂದ ಮುಂದೆ ಸ್ಪಂಜಿನಂಥ ಮೆತ್ತನೆಯ ಅಂಗೈ, ವರ್ಷದಿಂದ ವರ್ಷಕ್ಕೆ ದಪ್ಪ, ಬಣ್ಣವೂ ಹೆಚ್ಚು. ಕೊನೆಯ ಜೊತೆ ಎಷ್ಟು ಹಸಿರೆಂದರೆ ಗಿಳಿ ನಾಚಬೇಕು.

"ನೆರಳಿಗೆ ಹಾಕು," ಎಂದು ಮಾಸ್ಟ್ರು ಪ್ರತಿ ಶನಿವಾರ ಹೇಳುತ್ತಿದ್ದರು. "ಬಿಸಿಲಿಗೆ ಬಿರಿತದೆ. ಅಂಗೈಗೆ ಅಂಗೈ ಸೇರಿಸಿ ಇಡ್ಬೇಡ. ಅಂಟಿದ್ರೆ ಬಿಡಿಸುವಾಗ ಸಿಪ್ಪೆ ಏಳ್ತದೆ."

ಅಷ್ಟೇ ಮಾತು. ಮಾಸ್ಟ್ರು ಮಾತಿನಲ್ಲಿ ಬಹಳ ಜಿಪುಣರು. ಒಂದು ಸಾಲು ಹೇಳಿ, ಉಳಿದದ್ದನ್ನು ಶಿಷ್ಯರು ತಾವೇ ಕಂಡುಕೊಳ್ಳಲಿ ಎಂದು ಬಿಟ್ಟುಬಿಡುತ್ತಿದ್ದರು. ಊರವರು ಅದನ್ನು ಜ್ಞಾನ ಎನ್ನುತ್ತಿದ್ದರು.

ಗೋಡೆಯಲ್ಲಿ ಒಂದು ಹಳೆಯ ಫೋಟೋ ಇತ್ತು. ಹನ್ನೊಂದು ಜನರ ನಡುವೆ ಎತ್ತರದ ಐತಪ್ಪ. ತಲೆಗೆ ಬಿಸಿಲಿನ ಟೋಪಿ, ಕುತ್ತಿಗೆ ಮುಚ್ಚುವ ಉಣ್ಣೆಯ ಬನಿಯನು, ಮೊಣಕೈಗೆ ಹತ್ತಿ ತುಂಬಿ ಹೊಲಿದ ತೇಪೆ. ಕಟ್ಟಿದ ಕೈಗಳಲ್ಲಿ ಏನೂ ಇಲ್ಲ.

"ನೀವು ಬರಿಗೈಯಲ್ಲೇ ಆಡಿದ್ದಾ?"

"ಆಗ ಎಲ್ರೂ ಬರಿಗೈಯೇ."

"ಹೆದರಿಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಹೇಳಿಕೊಳ್ತಿರ್ಲಿಲ್ಲ."

ಪ್ರೆಸಿಲ್ಲ ಗೋಡೆಯತ್ತ ತಿರುಗಿದಳು. "ಹಾಗಾದ್ರೆ ಈ ಮೊದಲನೇ ಮೊಳೆ ಯಾರದ್ದು ಮಾಸ್ಟ್ರೇ?"

ಮಾಸ್ಟ್ರು ಖಾಲಿ ಮೊಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ನನ್ನದು," ಎಂದರು.

ಮಳೆಗಾಲ ಹಿಡಿಯುವ ಮೊದಲು ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ನದಿಯ ಎರಡೂ ದಡದಿಂದ ಯಾವ ಹುಡುಗಿಯೂ ಅಲ್ಲಿಯವರೆಗೆ ಹೋದವಳಲ್ಲ. ಪ್ರೆಸಿಲ್ಲಳಿಗೆ ಕರೆ ಬಂದಿತ್ತು. ಸುದ್ದಿ ಕೇಳಿ ಮಸ್ಕತ್‌ನಲ್ಲಿದ್ದ ಅಣ್ಣ ಒಂದು ಜೊತೆ ಗ್ಲೌಸ್ ಕಳಿಸಿದ. ಬೆರಳುಗಳ ಬೆನ್ನಿಗೆ ಪ್ಲಾಸ್ಟಿಕ್ಕಿನ ಕಡ್ಡಿ ಇಟ್ಟು ಹೊಲಿದದ್ದು. ಬೆರಳು ಮುಂದಕ್ಕೆ ಮಡಚುತ್ತದೆ, ಹಿಂದಕ್ಕೆ ಬಾಗುವುದಿಲ್ಲ.

ಅವಳು ಅದನ್ನು ಮಾಸ್ಟ್ರ ಕೈಗೆ ಕೊಟ್ಟು ನಿಂತಳು.

ಮಾಸ್ಟ್ರು ಬಲಗೈಗೆ ಹಾಕಿಕೊಂಡರು. ಎಡಗೈಯಿಂದ ಉಂಗುರದ ಬೆರಳನ್ನು ಹಿಂದಕ್ಕೆ ಒತ್ತಿದರು. ಮತ್ತೆ ಒತ್ತಿದರು.

"ಹಿಂದಕ್ಕೆ ಹೋಗುವುದೇ ಇಲ್ಲ."

"ಅದಕ್ಕೇ ಇರುವುದು ಅದು, ಮಾಸ್ಟ್ರೇ."

ಇನ್ನೊಮ್ಮೆ ಒತ್ತಿದರು. ಆಮೇಲೆ ಗ್ಲೌಸ್ ಕಳಚಿ ಅವಳ ಕೈಗಿಟ್ಟು ಒಳಗೆ ಹೋದವರು ಹೊರಗೆ ಬರಲಿಲ್ಲ. ಆ ಸಂಜೆ ಪಾಠ ಆಗಲಿಲ್ಲ.

ಪ್ರೆಸಿಲ್ಲಳ ಮುಖ ಸಪ್ಪಗಾಯಿತು. ಮಾಸ್ಟ್ರಿಗೆ ಇದು ಹಿಡಿಸಲಿಲ್ಲ, ಎಂದುಕೊಂಡಳು.

ಹಿಂದಿರುಗುವಾಗ ದೋಣಿಯಲ್ಲಿ ಅವಳೊಬ್ಬಳೇ. ಹಸನಬ್ಬ ಹುಟ್ಟು ಹಾಕುತ್ತಿದ್ದ. ಅವನ ಬಲಗೈಯ ಎರಡು ಬೆರಳು ಹುಟ್ಟನ್ನು ಹಿಡಿಯುತ್ತಿರಲಿಲ್ಲ. ಸೊಟ್ಟಗೆ ಹೊರಗೆ ಚಾಚಿಕೊಂಡಿದ್ದವು.

"ಹಸನಾಕ, ನೀವು ಮಾಸ್ಟ್ರ ಆಟ ನೋಡಿದ್ದೀರಾ?"

"ನೋಡದೆ ಮತ್ತೆ?" ಹಸನಬ್ಬನ ಮುಖ ಅರಳಿತು. "ಎಂಥ ಹೊಡೆತ ಬಂದ್ರೂ ಬರಿಗೈ. ಚೆಂಡು ಅಂಗೈಗೆ ಬಿದ್ದ ಶಬ್ದ ಆಚೆ ದಡಕ್ಕೂ ಕೇಳ್ತಿತ್ತು."

"ಗ್ಲೌಸ್ ಬೇಕು ಅಂತ ಅನ್ನಿಸ್ಲೇ ಇಲ್ವಾ ಅವರಿಗೆ?"

"ಗ್ಲೌಸ್ ಕಂಡ್ರೆ ಆಗ್ತಿರ್ಲಿಲ್ಲ ಆಗ."

"ಮತ್ತೆ ಅವರು ನಿಮ್ಮ ದೋಣಿ ಹತ್ತುವುದನ್ನು ನಾನು ಒಂದು ದಿನವೂ ನೋಡ್ಲಿಲ್ಲ. ಆಚೆ ಮದುವೆ ಇದ್ರೂ ಸೇತುವೆ ಸುತ್ತಿ ನಾಲ್ಕು ಮೈಲು ನಡೀತಾರೆ. ಯಾಕೆ?"

"ನಡೆಯುವುದು ಒಳ್ಳೆಯದಲ್ವಾ ಆರೋಗ್ಯಕ್ಕೆ?"

"ನಿಮ್ಮ ಬೆರಳಿಗೆ ಎಂತ ಆದದ್ದು?"

"ಹಳೇ ಪೆಟ್ಟು," ಎಂದ ಹಸನಬ್ಬ. ಆಮೇಲೆ ನೀರು ನೋಡತೊಡಗಿದ.

ಪ್ರೆಸಿಲ್ಲ ಎರಡು ದಿನ ಲೆಕ್ಕ ಹಾಕಿದಳು. ಹದಿನಾರು ಮೊಳೆಯಲ್ಲಿ ಶಿಷ್ಯರ ಗ್ಲೌಸ್. ಗುರುವಿನ ಮೊಳೆ ಖಾಲಿ. ಫೋಟೋದಲ್ಲಿ ಬರಿಗೈ. ಹೊಸ ಗ್ಲೌಸ್ ಕಂಡು ಮಾಸ್ಟ್ರು ಪಾಠ ಬಿಟ್ಟು ಒಳಗೆ ಹೋದರು. ಇಷ್ಟು ದಿನ ಈ ಗೋಡೆಯ ಗ್ಲೌಸ್ ಇದ್ದದ್ದು ತೊಳೆಯುವುದಕ್ಕಲ್ಲ, ಓದುವುದಕ್ಕೆ. ನಾನು ದಡ್ಡಿ, ಈಗ ಓದಿದೆ.

ಶುಕ್ರವಾರ ಅವಳು ದೋಣಿಯಿಂದಿಳಿದು ಮಾಸ್ಟ್ರನ್ನು ನೀರಿನ ಅಂಚಿಗೆ ಕರೆದಳು. ಭಾನುವಾರ ಆಯ್ಕೆ. ನದಿಯಲ್ಲಿ ಇಳಿತ. ನೀರು ಅಳಿವೆಯ ಕಡೆಗೆ, ಸಮುದ್ರಕ್ಕೆ, ಜೋರಾಗಿ ಹೋಗುತ್ತಿತ್ತು.

"ಮಾಸ್ಟ್ರೇ, ಖಾಲಿ ಮೊಳೆಯ ಅರ್ಥ ನನಗೆ ಗೊತ್ತಾಯ್ತು."

"ಎಂತ ಗೊತ್ತಾಯ್ತು?"

"ಭಾನುವಾರ ನಾನು ನಿಮ್ಮ ಹಾಗೆ ನಿಲ್ತೇನೆ."

ಮಾಸ್ಟ್ರಿಗೆ ಮಾತು ತಿಳಿಯುವ ಮೊದಲೇ ಅವಳು ಅಣ್ಣ ಕಳಿಸಿದ ಎರಡೂ ಗ್ಲೌಸನ್ನು ಬೀಸಿ ಎಸೆದಳು. ಭೇಷ್ ಎನ್ನುತ್ತಾರೆಂದು ಗುರುವಿನ ಮುಖ ನೋಡಿದಳು.

ಆ ಮುಖದಲ್ಲಿ ರಕ್ತವೇ ಇರಲಿಲ್ಲ.

ಮಾಸ್ಟ್ರು ನೀರಿಗೆ ಇಳಿದರು. ಪಂಚೆ ಎತ್ತಿ ಕಟ್ಟಲಿಲ್ಲ, ಚಪ್ಪಲಿ ಬಿಡಲಿಲ್ಲ. ಎಪ್ಪತ್ತೆರಡು ವರ್ಷದ ಮನುಷ್ಯ.

"ಮಾಸ್ಟ್ರೇ! ಬೇಡ ಮಾಸ್ಟ್ರೇ!"

ಮೊಣಕಾಲು ಮುಳುಗಿತು. ಸೊಂಟ ಮುಳುಗಿತು. ಎದೆಯ ಮಟ್ಟಕ್ಕೆ ನೀರು ಬಂದಾಗ ಒಂದು ಗ್ಲೌಸ್ ಅವರ ಕೈಗೆ ಸಿಕ್ಕಿತು. ಇನ್ನೊಂದು ಎರಡು ಮಾರು ಆಚೆ ತೇಲುತ್ತಿತ್ತು. ಅವರು ಮತ್ತೂ ಮುಂದಕ್ಕೆ ಕೈ ಚಾಚಿದರು. ಸೆಳೆತಕ್ಕೆ ಕಾಲು ಅಲುಗಿತು.

ಪ್ರೆಸಿಲ್ಲ ಅಳುತ್ತ ನೀರಿಗೆ ಧುಮುಕಿ ಅವರ ಅಂಗಿ ಹಿಡಿದಳು. "ಹಸನಾಕ! ಓ ಹಸನಾಕ!"

ಹಸನಬ್ಬ ಆಗಲೇ ದೋಣಿ ತಿರುಗಿಸಿದ್ದ. ಬಗ್ಗಿ ಬಲಗೈ ಇಳಿಬಿಟ್ಟ. ಹುಟ್ಟು ಹಿಡಿಯಲಾರದ ಆ ಎರಡು ಬೆರಳು ಗ್ಲೌಸಿನ ಪಟ್ಟಿಗೆ ಸಿಕ್ಕಿಕೊಂಡವು. ಗ್ಲೌಸನ್ನು ದೋಣಿಯೊಳಗೆ ಹಾಕಿ, ಅದೇ ಕೈಯನ್ನು ಮಾಸ್ಟ್ರ ಕಡೆಗೆ ಚಾಚಿದ.

"ಹತ್ತಿ ಮಾಸ್ಟ್ರೇ."

ಮಾಸ್ಟ್ರು ಆ ಕೈಯನ್ನು ನೋಡಿದರು. ಹಿಡಿಯಲಿಲ್ಲ.

"ಹತ್ತಿ. ನೀರು ಎಳೀತಾ ಉಂಟು. ಹುಡುಗಿಯೂ ಇದ್ದಾಳೆ."

ಅವರು ಹಿಡಿದರು.

ಪ್ರೆಸಿಲ್ಲಳೂ ಹಿಂದೆಯೇ ದೋಣಿ ಹತ್ತಿದಳು. ಅವಳ ಅಳು ನಿಂತಿರಲಿಲ್ಲ.

"ನಿಮ್ಮ ಮೊಳೆ ಖಾಲಿ ಇದ್ದದ್ದಕ್ಕೆ, ಬರಿಗೈಯೇ ದೊಡ್ಡದು ಅಂತ ಗ್ರಹಿಸಿದೆ ಮಾಸ್ಟ್ರೇ. ನೀವೇ ಹೇಳಿದ್ದಲ್ವಾ, ನನ್ನದು ಅಂತ?"

"ಅಷ್ಟೇ ಹೇಳಿ ಸುಮ್ಮನಾದೆ. ನನ್ನ ತಪ್ಪು ಅಂತ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ."

ಅವರು ಹಸನಬ್ಬನ ಕಡೆಗೆ ಕೈ ತೋರಿಸಿದರು.

"ಆ ಮೊಳೆಯಲ್ಲಿ ಇವನ ಗ್ಲೌಸ್ ಇರ್ಬೇಕಿತ್ತು ಮಗಳೇ. ನನ್ನ ಶಿಷ್ಯರಲ್ಲಿ ಇವನಷ್ಟು ಒಳ್ಳೆ ಕೈ ಯಾರಿಗೂ ಇರ್ಲಿಲ್ಲ. ನಿನಗೂ ಇಲ್ಲ."

ಹಸನಬ್ಬ ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಮೂವತ್ತೆಂಟು ವರ್ಷ ಆಯ್ತು," ಎಂದರು ಮಾಸ್ಟ್ರು. "ಇವನ ತಾಯಿ, ಉಮ್ಮ, ಹೊಲಿದುಕೊಟ್ಟಿದ್ರು. ಉಣ್ಣೆಯ ಗ್ಲೌಸಿಗೆ, ಶಾಲೆಯಲ್ಲಿ ಬಿಸಾಡಿದ ಟೇಬಲ್ ಟೆನಿಸ್ ಬ್ಯಾಟಿನ ರಬ್ಬರ್ ಕಿತ್ತು ಅಂಟಿಸಿ. ಎಷ್ಟು ಚಂದ ಮಾಡಿದ್ರು ಗೊತ್ತುಂಟಾ? ಪೇಟೆಯಲ್ಲೂ ಅಂಥದ್ದು ಇರ್ಲಿಲ್ಲ. ಇವನು ಖುಷಿಯಲ್ಲಿ ನನಗೆ ತೋರಿಸ್ಲಿಕ್ಕೆ ತಂದ. ಕೈ ಇದ್ದವನಿಗೆ ಇದೆಲ್ಲ ಯಾಕೆ ಅಂತ ಕೇಳಿದೆ. ಎಲ್ಲರ ಎದುರು ನಗಾಡಿದೆ. ಆಮೇಲೆ ಕಿತ್ತುಕೊಂಡು ನೀರಿಗೆ ಬಿಸಾಡಿದೆ. ಇಲ್ಲೇ."

ಮಾಸ್ಟ್ರು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಪ್ರೆಸಿಲ್ಲ ಕೇಳಿದ್ದೇ ಇಲ್ಲ.

"ಆ ಭಾನುವಾರ ರಾಜ್ಯ ತಂಡದ ಆಯ್ಕೆ. ಮಳೆ. ಆಗಿನ ತೊಗಲಿನ ಚೆಂಡು ನೀರು ಕುಡಿದ್ರೆ ಕಲ್ಲು. ಬರಿಗೈಯಲ್ಲಿ ತಡೆದ. ಎರಡು ಬೆರಳು ಹಿಂದಕ್ಕೆ ಹೋಯ್ತು. ನಾನು ಗೋಲಿನ ಹಿಂದೆಯೇ ನಿಂತಿದ್ದೆ. ಶಬ್ದ ಕೇಳಿತು ನನಗೆ."

"ಬಿಡಿ ಮಾಸ್ಟ್ರೇ," ಎಂದ ಹಸನಬ್ಬ. "ಹಳೇ ಕಥೆ."

"ಮತ್ತೆ ಬಂದವರಿಗೆಲ್ಲ ಗ್ಲೌಸ್ ಹಾಕಿಸಿಯೇ ಕಲಿಸಿದೆ. ಗೋಣಿ ಆದ್ರೆ ಗೋಣಿ. ಇವನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ, ಸೇತುವೆ ಸುತ್ತಿದೆ."

ಹಸನಬ್ಬ ಸ್ವಲ್ಪ ದೂರ ಹುಟ್ಟು ಹಾಕಿದ. ಆಮೇಲೆ, ನೀರಿಗೆ ಹೇಳಿದಂತೆ, ಹೇಳಿದ.

"ಉಮ್ಮನಿಗೆ ನಾನು ಹೇಳ್ಲೇ ಇಲ್ಲ. ಕಳೆದುಹೋಯ್ತು ಅಂದೆ. ಅಷ್ಟಕ್ಕೆ ಯಾಕೆ ಬೇಜಾರು, ಇನ್ನೊಂದು ಜೊತೆ ಹೊಲೀತೇನೆ ಅಂದ್ರು. ರಬ್ಬರ್ ಸಿಗ್ಲಿಲ್ಲ. ಅಷ್ಟರಲ್ಲಿ ಭಾನುವಾರ ಬಂತು."

ಮಾಸ್ಟ್ರು ಮುಖ ಮುಚ್ಚಿಕೊಂಡರು. ಉಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಆ ದಿನವೂ ಅವರು ಸೇತುವೆ ಸುತ್ತಿ ಹೋಗಿದ್ದರು. ಅಲ್ಲಿ ಮುಟ್ಟುವಾಗ ಮಣ್ಣು ಮಾಡಿ ಮುಗಿದಿತ್ತು.

ದೋಣಿ ದಡ ಮುಟ್ಟಿತು.

ಮಾಸ್ಟ್ರು ಎರಡೂ ಗ್ಲೌಸನ್ನು ಹಿಂಡದೆ, ಮೆಲ್ಲನೆ ಒತ್ತಿ ನೀರು ತೆಗೆದು ಪ್ರೆಸಿಲ್ಲಳ ಮಡಿಲಿಗೆ ಇಟ್ಟರು. "ಬಾವಿ ನೀರಲ್ಲಿ ತೊಳೆ. ಉಪ್ಪು ಕೂತ್ರೆ ಹಾಳಾಗ್ತದೆ. ನೆರಳಿಗೆ ಹಾಕು. ಭಾನುವಾರ ಹಾಕಿಕೊಂಡೇ ನಿಲ್ಬೇಕು."

"ಆಯ್ತು ಮಾಸ್ಟ್ರೇ."

ಅವಳು ಇಳಿದಳು. ಮಾಸ್ಟ್ರು ಇಳಿಯಲಿಲ್ಲ. ಒದ್ದೆ ಅಂಗಿಯಲ್ಲಿ ಹಸನಬ್ಬನ ಎದುರು ಕೂತೇ ಇದ್ದರು.

"ಹಸನಾ, ಆವತ್ತು ನೀನು ಒಂದು ಮಾತು ಕೇಳಿದ್ದೆ."

"ನೆನಪಿಲ್ಲ ಮಾಸ್ಟ್ರೇ."

"ಉಂಟು. ಗ್ಲೌಸ್ ಇನ್ನೂ ಕಾಣ್ತಾ ಇತ್ತು, ತೇಲ್ತಾ ಇತ್ತು. ಇಳಿದು ತರ್ಲಾ ಅಂತ ಕೇಳಿದೆ ನೀನು. ನಾನೇನು ಹೇಳಿದೆ?"

ಹಸನಬ್ಬ ಹುಟ್ಟನ್ನು ಅಡ್ಡ ಇಟ್ಟ. ಸೊಟ್ಟ ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡ.

"ಬೇಡ, ಅಲ್ಲಿ ಆಳ ಉಂಟು ಅಂದ್ರಿ."

ಐತಪ್ಪ ಮಾಸ್ಟ್ರು ತಲೆ ಬಗ್ಗಿಸಿ ತಮ್ಮ ಅಂಗಿಯನ್ನು ನೋಡಿಕೊಂಡರು. ಎದೆಯ ಮೇಲೆ ಎರಡನೆಯ ಗುಂಡಿಯವರೆಗೆ ಒದ್ದೆಯಾಗಿತ್ತು. ಅದರ ಮೇಲಿನದ್ದು ಒಣಗಿಯೇ ಇತ್ತು. ಒದ್ದೆ ನಿಂತ ಆ ಗೆರೆಯ ಮೇಲೆ ಅವರು ಬೆರಳಿಟ್ಟರು.

"ಆವತ್ತೂ ನೀರು ಇಷ್ಟೇ ಇತ್ತು ಹಸನಾ."