ಮಡಿಸಿಟ್ಟ ಹಾಳೆ

“ಗುರುಗಳೇ, ಪ್ರತಿ ಶನಿವಾರ ನಾವು ಉಪಾಧ್ಯಾಯರೆಲ್ಲ ಕೂಡಿ ಮುಂದಿನ ವಾರದ ಪಾಠ ಸಿದ್ಧಮಾಡುತ್ತೇವೆ. ನನ್ನ ಕೈಯಲ್ಲಿ ಕೆಟ್ಟುಹೋದ ಪಾಠವನ್ನೂ ಅಲ್ಲಿ ಹೇಳಬೇಕೇ?” ಎಂದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಶಾಲೆಯಲ್ಲಿ ಒಬ್ಬ ಉಪಾಧ್ಯಾಯನಿದ್ದ. ನಾಲ್ಕನೆಯ ತರಗತಿಗೆ ಲೆಕ್ಕ ಕಲಿಸುತ್ತಿದ್ದ. ಎಂಟುನೂರ ಹದಿನಾರನ್ನು ನಾಲ್ಕರಿಂದ ಭಾಗಿಸಿದರೆ ಇನ್ನೂರ ನಾಲ್ಕು ಬರಬೇಕು. ಅವನ ಮಕ್ಕಳು ನಡುವಿನ ಸೊನ್ನೆ ಬಿಟ್ಟು ಇಪ್ಪತ್ತನಾಲ್ಕು ಎಂದು ಬರೆಯುತ್ತಿದ್ದರು. ಅವನು ಮತ್ತೆ ವಿವರಿಸುತ್ತಿದ್ದ. ಅವರು ಮತ್ತೆ ಇಪ್ಪತ್ತನಾಲ್ಕೇ ಬರೆಯುತ್ತಿದ್ದರು. ಅವನು ಸೇರಿದ ಎರಡನೆಯ ವರ್ಷ ಒಬ್ಬ ಹುಡುಗಿ, “ಲೆಕ್ಕ ನನ್ನ ತಲೆಗೆ ಹತ್ತಲ್ಲ ಸಾರ್” ಎಂದು ಅತ್ತು ಶಾಲೆ ಬಿಟ್ಟಳು. ಅವನು ಎರಡು ಸಲ ಅವಳ ಮನೆಗೆ ಹೋದ. ಅವಳು ಬರಲಿಲ್ಲ.

ಆ ಶಾಲೆಯಲ್ಲೂ ಶನಿವಾರದ ಸಭೆಯಿತ್ತು. ಪ್ರತಿಯೊಬ್ಬರೂ ಆ ವಾರ ಚೆನ್ನಾಗಿ ನಡೆದ ಪಾಠವನ್ನು ಓದುತ್ತಿದ್ದರು. ಉಳಿದವರು ತಲೆದೂಗಿ ಬರೆದುಕೊಳ್ಳುತ್ತಿದ್ದರು. ಅವನು ಗುಣಾಕಾರದ ಪಾಠ ಓದುತ್ತಿದ್ದ. ಭಾಗಾಕಾರದ ಹಾಳೆಯನ್ನು ಮಡಿಸಿ ಒಳಗೆ ಇಟ್ಟಿರುತ್ತಿದ್ದ.

ಹೀಗೆ ಇಪ್ಪತ್ತೆಂಟು ವರ್ಷ ಕಳೆದವು. ನಿವೃತ್ತಿಯ ದಿನ ಪಕ್ಕದ ಕೋಣೆಯ ಉಪಾಧ್ಯಾಯ ಅವನನ್ನು ಬೀಳ್ಕೊಡುಗೆಗೆ ಕರೆಯಲು ಬಂದ. ಮೇಜಿನ ಮೇಲೆ ಒಂದು ಸ್ಲೇಟು ಇತ್ತು. ಅದರಲ್ಲಿ ಇಪ್ಪತ್ತನಾಲ್ಕು ಎಂಬ ಉತ್ತರವಿತ್ತು. ಅದನ್ನು ಬರೆದ ಮಗು ಒಂದು ತಿಂಗಳಿನಿಂದ ಶಾಲೆಗೆ ಬಂದಿರಲಿಲ್ಲ.

“ಏನು ಮೇಷ್ಟ್ರೇ, ಸೊನ್ನೆಯೂ ನಿಮ್ಮ ಜೊತೆ ರಿಟೈರ್ ಆಯಿತೇ?” ಎಂದು ಬಂದವನು ನಕ್ಕ. ಇವನು ನಗದಿದ್ದುದನ್ನು ನೋಡಿ, “ನನ್ನ ಮಕ್ಕಳೂ ಮೊದಲು ಹೀಗೇ ಬರೆಯುತ್ತಿದ್ದರು. ಈಗ ಭಾಗಿಸುವ ಮೊದಲೇ ಉತ್ತರದ ಜಾಗದಲ್ಲಿ ಅಂಕಿಗೊಂದರಂತೆ ಮೂರು ಚೌಕ ಹಾಕಿಸುತ್ತೇನೆ. ನಡುವಿನ ಚೌಕ ಖಾಲಿ ಉಳಿದರೆ, ಅಲ್ಲಿ ಏನೋ ಬರಬೇಕು ಎಂದು ಅವರಿಗೇ ತಿಳಿಯುತ್ತದೆ” ಎಂದ.

“ಶನಿವಾರ ಒಂದು ದಿನವೂ ಇದನ್ನು ಹೇಳಲಿಲ್ಲವಲ್ಲ, ಮಾರಾಯ!”

“ಇಷ್ಟು ಸಣ್ಣದನ್ನು ಹೇಳಿದರೆ ನೀವೆಲ್ಲ ನಗುತ್ತೀರಿ ಅಂದುಕೊಂಡೆ. ನೀವೂ ಕೇಳಲಿಲ್ಲ.”

ಹೊರಗೆ ಹಾರ ಹಿಡಿದು ಕಾಯುತ್ತಿದ್ದರು. ನಿವೃತ್ತನಾಗುತ್ತಿದ್ದವನು ಸ್ಲೇಟನ್ನು ತೆಗೆದುಕೊಂಡು, ಆ ಉತ್ತರದ ಕೆಳಗೆ ಮೂರು ಚೌಕ ಬರೆದು, ಅಲ್ಲಿಯೇ ಇಟ್ಟು ಹೋದ.

ಗುರು ಮಾತು ನಿಲ್ಲಿಸಿದರು.

“ಮೊದಲು ಶಾಲೆ ಬಿಟ್ಟಳಲ್ಲ, ಆ ಹುಡುಗಿ ಏನಾದಳು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು: “ಮೇಜಿನ ಮೇಲಿದ್ದ ಸ್ಲೇಟು ಅವಳ ಮಗಳದು.”