ನೀಲಿ ಪಾದದ ಬಣ್ಣಗಾರ

“ಗುರುಗಳೇ, ಆ ಓಣಿಯೊಳಗೆ ಹೊರಗಿನವರನ್ನು ಬಿಡುವುದಿಲ್ಲವಂತೆ. ಅಂಥ ಕಡೆ ಔಷಧ ಹೇಗೆ ಒಯ್ಯಲಿ?”

ಕೇಳಿದವನು ಶಂಭುಲಿಂಗ. ನಾಟಿ ವೈದ್ಯ ರಾಚೋಟಪ್ಪನವರ ಬಳಿ ಕಲಿಯಲು ಬೇರೆ ಊರಿನಿಂದ ಬಂದು ಅವನಿಗೆ ಮೂರು ತಿಂಗಳಾಗಿತ್ತು. ಊರಿನ ಮುಸ್ಲಿಮರ ಓಣಿಯಲ್ಲಿ ಒಂದು ಹೆಣ್ಣುಮಗುವಿಗೆ ನಾಲ್ಕು ದಿನದಿಂದ ಕೆಮ್ಮು. ನೋಡಿಕೊಂಡು ಬಾ ಎಂದು ಗುರುಗಳು ಬೆಳಿಗ್ಗೆ ಅವನನ್ನು ಕಳಿಸಿದ್ದರು. ಅವನು ಓಣಿಯ ಬಾಯಿಯವರೆಗೆ ಹೋಗಿ, ಅಲ್ಲಿನ ಚಹಾದಂಗಡಿಯಲ್ಲಿ ಕೂತವರ ಮಾತು ಕೇಳಿ, ಹಾಗೇ ತಿರುಗಿ ಬಂದಿದ್ದ.

ಒಲೆಯ ಮೇಲೆ ಆಡುಸೋಗೆಯ ಕಷಾಯ ಕುದಿಯುತ್ತಿತ್ತು. ಗುರುಗಳು ಪಾತ್ರೆಯೊಳಗೆ ಬಗ್ಗಿ ನೋಡಿದರು.

“ಇದು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯಬೇಕು. ಅಲ್ಲಿಯವರೆಗೆ ಹೊತ್ತಿದೆ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಬ್ಬ ಬಣ್ಣಗಾರನಿದ್ದ. ಹೆಸರು ಬೇಡ, ಬಣ್ಣಗಾರ ಅಂದರೆ ಸಾಕು. ನೇಕಾರರ ನೂಲಿಗೆ ನೀಲಿ ಬಣ್ಣ ಹಾಕುವುದು ಅವನ ಕಸುಬು. ನೆಲದಲ್ಲಿ ಹೂಳಿದ ಬಾನಿಗಳಲ್ಲಿ ನೂಲು ಅದ್ದಿ, ಎತ್ತಿ, ಹಿಂಡುವುದು. ಹಿಂಡಿದ ನೀರೆಲ್ಲ ಕಾಲ ಮೇಲೆ. ಅವನ ಪಾದ ಎಷ್ಟು ತೊಳೆದರೂ ನೀಲಿ, ಉಜ್ಜಿದರೂ ನೀಲಿ. ಬಾನಿಯ ವಾಸನೆ ಯಾರೂ ತಾಳುವುದಿಲ್ಲ ನೋಡು, ಅದಕ್ಕೇ ಊರ ಹೊರಗೆ ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ. ನಿನ್ನ ಹಾಗೆ ಅವನೂ ಊರಿಗೆ ಹೊಸಬ. ನಿನ್ನ ಹಾಗೇ ಸ್ವಲ್ಪ ಜಂಬ, ಸ್ವಲ್ಪ ಪುಕ್ಕಲು.

ಬಂದ ಹೊಸತರಲ್ಲಿ ಅವನು ಬಣ್ಣ ಹಾಕಿದ ನೂಲಿನ ಹೊರೆ ಹೊತ್ತು ಆ ಓಣಿಗೆ ಹೋದ. ಅಲ್ಲಿಯೂ ನೇಕಾರರಿದ್ದರು. ನೋಡುತ್ತಾನೆ, ಎಲ್ಲ ಮನೆಯ ತೆರೆದ ಬಾಗಿಲಿಗೂ ಗೋಣಿಯ ಪರದೆ. ಅವನ ಊರಲ್ಲಿ ಅದನ್ನು ಕಂಡವನಲ್ಲ. ಒಂದು ಪರದೆಯ ಮುಂದೆ ನಿಂತ. ಒಳಗೆ ಹೆಂಗಸರ ಮಾತು ಕೇಳುತ್ತಿತ್ತು. ಇವನು ನಿಂತದ್ದೇ ತಡ, ಮಾತು ನಿಂತಿತು. ಸ್ವಲ್ಪ ಹೊತ್ತು ಕಾದ. ಬಾ ಅನ್ನುವವರಿಲ್ಲ, ಹೋಗು ಅನ್ನುವವರೂ ಇಲ್ಲ. ಇವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಹೊರೆ ಹೊತ್ತುಕೊಂಡು ತಿರುಗಿ ಬಂದುಬಿಟ್ಟ.

ಬಂದವನು ಸುಮ್ಮನೆ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಚಹಾದಂಗಡಿಗೆ ಹೋದ. ಅಲ್ಲಿ ಕೂತವರು ಯಾಕಪ್ಪಾ ಮುಖ ಹೀಗಿದೆ ಅಂದರು. “ಆ ಓಣಿಯವರು ನನ್ನನ್ನು ಒಳಗೆ ಬಿಡಲಿಲ್ಲ” ಅಂದ. ಒಬ್ಬ ಅಯ್ಯೋ ಪಾಪ ಅಂತ ಚಹಾ ಕೊಡಿಸಿದ. ಮರುದಿನ ಬೇರೆಯವರು ಕೇಳಿದರು. ಗದರಿಸಿ ಕಳಿಸಿದರು ಅಂದ. ಮತ್ತೆ ಚಹಾ ಬಂತು. ವಾರದ ಮೇಲೆ ಯಾರೋ, “ನಿನ್ನ ಮೇಲೆ ಬಡಿಗೆ ಎತ್ತಿದ್ದರಂತೆ, ಹೌದೇನೋ?” ಅಂದರು. ಅವನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಚಹಾ ಕುಡಿದ.

ಹೀಗೆ ಆ ಓಣಿ ಮುಚ್ಚಿತು. ಹತ್ತಾರು ವರ್ಷ ಹೋಗಿ ಬಂದು ಮಾಡಿದವರು ಕೂಡ ಅಲ್ಲಿಗೆ ಹೋಗುವ ಮುಂಚೆ ಒಮ್ಮೆ ಯೋಚಿಸುವ ಹಾಗಾಯಿತು. ಬಣ್ಣಗಾರನೂ ತನ್ನ ಮಾತನ್ನು ತಾನೇ ನಂಬಿಬಿಟ್ಟ. ಬಡಿಗೆಯನ್ನು ಕಣ್ಣಾರೆ ಕಂಡವನ ಹಾಗೆ ನಂಬಿದ. ಏನು ಮಾಡುತ್ತೀ, ಮನುಷ್ಯನೇ ಹಾಗೆ.

ಮುಂದಿನ ವರ್ಷ ಅವನ ಹೆಂಡತಿ ಗರ್ಭಿಣಿ. ಮೊದಲೆರಡು ಬಸಿರು ನಿಂತಿರಲಿಲ್ಲ, ಇದು ಮೂರನೆಯದು. ಒಂದು ಶುಕ್ರವಾರ ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಊರಿನ ಸೂಲಗಿತ್ತಿ ಆ ದಿನ ಬೇರೆ ಹಳ್ಳಿಗೆ ಹೋಗಿದ್ದಳು. ಪಕ್ಕದ ಗುಡಿಸಲಿನ ಮುದುಕಿ ಬಂದು ಮೈಮುಟ್ಟಿ ನೋಡಿ, ನನ್ನಿಂದಾಗದು, ಕೂಸು ಅಡ್ಡ ತಿರುಗಿದೆ ಅಂದಳು. ಆಗ ಹೆಂಡತಿ ನರಳುತ್ತಲೇ, “ಖಾತೂನ್‌ಬಿಯನ್ನು ಕರೆತನ್ನಿ” ಅಂದಳು.

ಖಾತೂನ್‌ಬಿ ಆ ಓಣಿಯ ಸೂಲಗಿತ್ತಿ. ಇವಳಿಗೆ ಆ ಹೆಸರು ಹೇಗೆ ಗೊತ್ತು ಎಂದು ಕೇಳುವ ಹೊತ್ತು ಅದಲ್ಲ. ಬಣ್ಣಗಾರ ಮನೆ ಯಾವುದೆಂದು ಕೂಡ ಕೇಳದೆ ಓಡಿದ.

ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಗಂಡಸರೆಲ್ಲ ಜುಮ್ಮಾ ನಮಾಜಿಗೆ ಹೋಗಿದ್ದರು. ಎರಡೂ ಸಾಲಿಗೆ ಬರೀ ಪರದೆ. ಮೊದಲ ಮನೆಯ ಮುಂದೆ ನಿಂತ. ಒಳಗೆ ಮಾತು ನಿಂತಿತು. ಇವನು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಒಂದು ವರ್ಷ ಊರ ಮುಂದೆ ಇವರನ್ನು ಆಡಿಕೊಂಡವನು ಈಗ ಯಾವ ಬಾಯಲ್ಲಿ ಅಕ್ಕಾ ಅನ್ನಬೇಕು? ಎರಡನೆಯ ಮನೆ, ಅಲ್ಲಿಯೂ ಹಾಗೇ. ಮೂರನೆಯದು. ನಾಲ್ಕನೆಯದರ ಮುಂದೆ ಬಹಳ ಹೊತ್ತು ನಿಂತ. ಒಳಗೆ ಮಾತೂ ಇಲ್ಲ, ಉಸಿರೂ ಇಲ್ಲ. ಕಣ್ಣಲ್ಲಿ ನೀರು ಬಂತು. ಸಿಟ್ಟೂ ಬಂತು. ನನ್ನ ಹೆಂಡತಿ ಸತ್ತರೆ ಈ ಓಣಿಯೇ ಕೊಂದ ಹಾಗೆ ಎಂದು ಶಪಿಸುತ್ತ ಬರಿಗೈಯಲ್ಲಿ ತಿರುಗಿದ.

ಕಾಲು ಎಳೆದುಕೊಂಡು ಹಳ್ಳದ ದಂಡೆಗೆ ಬರುತ್ತಾನೆ, ಬೇಲಿಯ ಮೇಲೆ ಒಂದು ಕರಿ ಬುರ್ಖಾ ಮಡಚಿ ಇಟ್ಟಿದೆ. ಒಳಗೆ ಕೂಸು ಅಳುತ್ತಿದೆ. ಅಪ್ಪ ಅಲ್ಲಿಯೇ ಬೇಲಿ ಹಿಡಿದು ಕುಸಿದು ಕೂತ.

ಶಂಭುಲಿಂಗ ತಲೆಯೆತ್ತಿದ. “ಅಪ್ಪ ಅಂದಿರಿ, ಗುರುಗಳೇ.”

“ಬಣ್ಣಗಾರ ಅಂದೆ. ಬಾಯಿ ಹಾಕಬೇಡ ಅಂತ ಹೇಳಿರಲಿಲ್ಲವೇ ನಿನಗೆ?”

ಗುರುಗಳು ಒಲೆಗೆ ಒಂದು ಪುರಳೆ ತುರುಕಿದರು. ಮತ್ತೆ ಹೇಳತೊಡಗಿದಾಗ ಬಣ್ಣಗಾರ ಅನ್ನುವ ಮಾತನ್ನು ಅವರೇ ಕೈಬಿಟ್ಟಿದ್ದರು.

ಖಾತೂನ್‌ಬಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳಂತೆ. ಬಂದವಳೇ ಅಪ್ಪನನ್ನು ಹಿಡಿದು ಝಾಡಿಸಿದಳು. “ಎಲ್ಲಿ ಹಾಳಾಗಿ ಹೋಗಿದ್ಯೋ ಭಾಡ್ಯಾ? ಗಂಡು ಹುಟ್ಟೈತಿ, ತಾಯಿನೂ ಚಲೋ ಅದಾಳ. ಮೊದಲ ನೀರು ಕಾಸು, ಆಮ್ಯಾಲ ಅಳುವಂತಿ.”

ಅಪ್ಪ ತೊದಲಿದ. “ಅಕ್ಕಾ, ನಾ ನಿಮ್ಮನ್ನ ಕರೀಲೇ ಇಲ್ಲ...”

“ಎಲ್ಲಿ ಕರದಿ? ಮನಿಮನಿ ಮುಂದ ಕಂಬದಂಗ ನಿಂತಿ. ಪರದೆ ಮುಂದ ನಿಂತಾವ ಒಮ್ಮೆ ಕೆಮ್ಮಬೇಕು, ಇಲ್ಲಾ ಅಕ್ಕಾ ಅನಬೇಕು. ನೀ ಬಾಯಿನ ಬಿಡಲಿಲ್ಲ. ಗಂಡಸರಿಲ್ಲದ ಮನ್ಯಾಗ ಹೆಣ್ಣಮಕ್ಕಳು ನಾವಾಗೇ ಹೆಂಗ ಮಾತಾಡಸೋದು? ನೀ ಏನರ ಅಂತಿ ಅಂತ ನಾವೂ ಮಾತು ಬಿಟ್ಟು ಕಾಯ್ಕೋತ ನಿಂತಿದ್ವಿ.”

“ಮತ್ತ ನಾನ ಅಂತ ಹೆಂಗ ತಿಳೀತು?”

“ಪರದೆ ಕೆಳಗ ಕಾಲು ಕಾಣ್ತಾವಲ್ಲೋ! ಈ ಊರಾಗ ನೀಲಿ ಪಾದ ಇನ್ಯಾರಿಗದಾವ? ನಿನ್ನ ಹೆಂಡತಿಗೆ ದಿನ ತುಂಬಿದ್ದು ನನಗ ಗೊತ್ತಿಲ್ಲೇನು? ವಾರಕ್ಕೊಮ್ಮೆ ನಮ್ಮ ಮನಿಗೆ ಬಂದು ಹೊಟ್ಟಿ ತೋರಿಸಿಕೊಂಡು ಹೋಗ್ತಾಳ.”

ನೋಡು ಹೇಗಿದೆ. ನಮ್ಮವ್ವ ಹಳ್ಳದಲ್ಲಿ ನೂಲು ಜಾಲಿಸುವಾಗ ಆ ಓಣಿಯ ಹೆಂಗಸರ ಗೆಳೆತನ ಮಾಡಿಕೊಂಡಿದ್ದಳು. ಗಂಡ ಯಾರೂ ಕಾಲಿಡಲಾರರು ಅನ್ನುತ್ತಿದ್ದ ಓಣಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದಳು. ಹೇಳಿದರೆ ಗಂಡನ ಮರ್ಯಾದೆ ಹೋಗುತ್ತದೆ ಅಂತ ಹೇಳಿರಲಿಲ್ಲ, ಅಷ್ಟೇ. ಈ ಮಾತು ಕೇಳಿ ಅವಳು ಆ ಸುಸ್ತಿನಲ್ಲೂ ಗೋಡೆಯ ಕಡೆ ಮುಖ ತಿರುಗಿಸಿ ನಕ್ಕಳಂತೆ.

ಆಗಿದ್ದು ಇಷ್ಟು. ಆ ಓಣಿಯ ಮನೆಗಳಿಗೆ ಹಿತ್ತಲಲ್ಲಿ ಒಂದರಿಂದೊಂದಕ್ಕೆ ದಾರಿಯಿತ್ತು. ಮೊದಲ ಮನೆಯ ಹೆಂಗಸು ನೀಲಿ ಪಾದ ನೋಡಿ, ಬಣ್ಣಗಾರ ಬಂದಿದ್ದಾನೆ, ಮಾತಾಡುತ್ತಿಲ್ಲ ಅಂತ ಪಕ್ಕದ ಮನೆಗೆ ಹೇಳಿದಳು. ಆ ಮನೆಯವಳು ಮುಂದಿನವಳಿಗೆ. ಅಪ್ಪ ಎರಡನೆಯ ಮನೆಯ ಮುಂದೆ ನಿಂತಿದ್ದಾಗಲೇ ಖಾತೂನ್‌ಬಿ ಗಂಟು ಕಟ್ಟಿಕೊಂಡು ಹಿತ್ತಲಿನಿಂದ ಹಳ್ಳದ ದಾರಿ ಹಿಡಿದಿದ್ದಳು. ನಾಲ್ಕನೆಯದು ಅವಳ ಮನೆಯೇ. ಒಳಗೆ ಯಾರೂ ಇಲ್ಲದ ಮನೆಯ ಮುಂದೆ ನಿಂತು ಅಪ್ಪ ಶಾಪ ಹಾಕಿದ್ದ.

ಅಂದಿನಿಂದ ಅಪ್ಪ ಕೆಮ್ಮುವುದು ಕಲಿತ. ಅವನ ಕೆಮ್ಮು ಆ ಓಣಿಯ ಮನೆಮನೆಗೂ ಗೊತ್ತು. ಕೆಮ್ಮಿದರೆ ಸಾಕು, “ಇವತ್ತ ಬಾಯಿ ತಂದೀಯೇನಪಾ?” ಅಂತ ಒಳಗಿನಿಂದ ಚೇಷ್ಟೆ ಮಾಡುವರು. ನಾನಂತೂ ಕೆಮ್ಮುವ ಗೋಜಿಗೇ ಹೋದವನಲ್ಲ. ಚಿಕ್ಕವನು, ತಲೆ ಬಗ್ಗಿಸಿದರೆ ಪರದೆಯ ಕೆಳಗೇ ನುಗ್ಗಿಬಿಡುತ್ತಿದ್ದೆ. ಬೇಸಿಗೆಯಲ್ಲಿ ಆ ಗೋಣಿಗೆ ನೀರು ಚಿಮುಕಿಸುವರು. ಒದ್ದೆ ಗೋಣಿಯ ವಾಸನೆ, ಒಳಗೆ ತಂಪು, ನೆಲದ ಮೇಲೆ ಖಾತೂನ್‌ಬಿಯ ರೊಟ್ಟಿಯ ಬುಟ್ಟಿ. ರಂಜಾನ್ ಹಬ್ಬದ ದಿನ ಅವಳು ನನ್ನ ಪಾಲಿನ ಸುರಕುಂಬಾ ಪಾಯಸ ತೆಗೆದಿಟ್ಟು ನಾನು ಬರುವವರೆಗೆ ಬೇರೆ ಮಕ್ಕಳನ್ನು ಮುಟ್ಟಗೊಡುತ್ತಿರಲಿಲ್ಲ. “ನಾ ಹಿಡಿದು ತಂದ ಕೂಸು, ಮೊದಲ ಪಾಲು ಅವಂದು” ಅನ್ನುತ್ತಿದ್ದಳು. ಎಷ್ಟು ವರ್ಷವಾಯಿತು! ಈಗಲೂ ಎಲ್ಲಾದರೂ ಒದ್ದೆ ಗೋಣಿಯ ವಾಸನೆ ಬಂದರೆ ನನಗೆ ಹಸಿವಾಗುತ್ತದೆ, ತಮ್ಮಾ. ಅಳುವೂ ಬರುತ್ತದೆ.

ಅವಳು ತೀರಿಕೊಂಡ ದಿನ ಅಪ್ಪ ಹೋಗಿ ಅದೇ ನಾಲ್ಕನೆಯ ಪರದೆಯ ಮುಂದೆ ನಿಂತ. ನಾನು ಪಕ್ಕದಲ್ಲಿದ್ದೆ. ಅಪ್ಪನಿಗೆ ಕೆಮ್ಮಲೂ ಆಗಲಿಲ್ಲ, ಅಕ್ಕಾ ಅನ್ನಲೂ ಆಗಲಿಲ್ಲ. ಹಾಗೇ ತಲೆ ತಗ್ಗಿಸಿ ನಿಂತಿದ್ದ. ಅಪ್ಪನ ಪಾದಗಳು ಆಗಲೂ ನೀಲಿಯಾಗಿಯೇ ಇದ್ದವು. ಒಳಗಿನಿಂದ ಅವಳ ಮಗಳು ಬಂದು, ಏನೂ ಮಾತಾಡದೆ ಪರದೆ ಎತ್ತಿ ಹಿಡಿದಳು.

ಗುರುಗಳು ಪಾತ್ರೆ ಕೆಳಗಿಳಿಸಿ, ಬಟ್ಟೆ ಹಾಸಿ ಕಷಾಯ ಸೋಸತೊಡಗಿದರು. ಸೋಸುತ್ತಲೇ ಮಾತು ಮುಂದುವರಿಸಿದರು.

“ಒಂದು ಮಾತ್ರ ಅಪ್ಪನಿಂದ ಆಗಲಿಲ್ಲ. ನಾನು ಹುಟ್ಟಿದ ಮರುದಿನವೇ ಚಹಾದಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ‘ನಾನು ಆಡಿದ್ದು ಸುಳ್ಳು, ನನ್ನನ್ನು ಯಾರೂ ತಡೆದಿರಲಿಲ್ಲ’ ಅಂದ. ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ಇವನನ್ನು ಎಷ್ಟು ಹೆದರಿಸಿದ್ದಾರೆ ನೋಡಿ ಅಂದರು. ಸಾಯುವವರೆಗೂ ಹೇಳಿದ. ಯಾರೂ ನಂಬಲಿಲ್ಲ. ನೀನು ಬೆಳಿಗ್ಗೆ ಕೇಳಿಕೊಂಡು ಬಂದೆಯಲ್ಲ, ಅದು ನಮ್ಮಪ್ಪ ಹುಟ್ಟಿಸಿದ ಮಾತು ಕಣಯ್ಯಾ. ಅವನು ಸತ್ತ ಮೇಲೂ ಅದು ಸಾಯಲಿಲ್ಲ.”

ಗುರುಗಳು ಕಷಾಯವನ್ನು ಹಿತ್ತಾಳೆಯ ತಂಬಿಗೆಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಶಂಭುಲಿಂಗನ ಕೈಗಿಟ್ಟರು.

“ಆ ನಾಲ್ಕನೆಯ ಮನೆಯೇ. ಖಾತೂನ್‌ಬಿಯ ಮರಿಮಗಳಿಗೆ ಕೆಮ್ಮು. ಬಿಸಿ ಇರುವಾಗಲೇ ಕುಡಿಸಬೇಕು, ಹೊರಡು.”

ಶಿಷ್ಯ ತಂಬಿಗೆ ಹಿಡಿದು ಹೊಸ್ತಿಲವರೆಗೆ ಹೋದ. ಅಲ್ಲಿ ನಿಂತ. ಅಳುಕು ಇನ್ನೂ ಹೋಗಿರಲಿಲ್ಲ.

“ಗುರುಗಳೇ, ನೀವು ಹೇಳಿದ್ದು ಆ ಕಾಲ. ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೆ. ಈಗಲೂ ಎಲ್ಲ ಮನೆಗೂ ಪರದೆ ಇಳಿಬಿಟ್ಟಿದ್ದಾರೆ.”

ಗುರುಗಳು ಖಾಲಿ ಪಾತ್ರೆಯಿಂದ ತಲೆಯೆತ್ತಿ ಅವನ ಕಡೆ ನೋಡಿದರು.

“ಬಾಗಿಲು ಮುಚ್ಚಿಕೊಂಡವರು ಪರದೆ ಯಾಕೆ ಕಟ್ಟುತ್ತಾರೆ, ತಮ್ಮಾ?”