ನಿರಂಕುಶ ಪ್ರಭುವಿನ ಸವಾರಿ

ಪಾಳೇಗಾರ ತಿಪ್ಪರಸನ ಮಾವುತ ಬೆಟ್ಟಯ್ಯನಿಗೆ ಅವತ್ತು ನಾಲಿಗೆ ಉಳಿಯೋದೇ ಕಷ್ಟವಾಗಿತ್ತು. ಸಂತೆಯಲ್ಲಿ ಅವನು "ನಮ್ಮ ದೊರೆ ನಿರಂಕುಶ" ಅಂದದ್ದನ್ನು ಯಾರೋ ಚಾಡಿ ಹೇಳಿಬಿಟ್ಟಿದ್ದರು.

"ಹಾಗಂದ್ರೆ ಜನರನ್ನ ಗೋಳುಹೊಯ್ಕೊಳ್ಳೋ ಕ್ರೂರಿ ಅಂತ ತಾನೇ? ಕತ್ತರಿಸಿರೋ ಇವನ ನಾಲಿಗೆ!" ದೊರೆ ಗುಡುಗಿದ. ಕತ್ತಿ ಬಂದೇಬಿಟ್ಟಿತು.

"ಅಯ್ಯೋ ಬುದ್ಧೀ, ನಾನು ಆನೆ ಮೇಯಿಸೋನು! ನನಗೆ ಗೊತ್ತಿರೋ ಅಂಕುಶ ಇದೊಂದೇ!" ಬೆಟ್ಟಯ್ಯ ಸೊಂಟದಲ್ಲಿದ್ದ ಕಬ್ಬಿಣದ ಕೊಕ್ಕೆ ತೆಗೆದು ತೋರಿಸಿದ. "ಅಷ್ಟು ದೊಡ್ಡ ಆನೆಗೂ ತಲೆ ಮೇಲೆ ಇದನ್ನು ಚುಚ್ಚೋನೊಬ್ಬ ಇರ್ತಾನೆ. ತಮ್ಮ ತಲೆ ಮೇಲೆ ಯಾರಿದ್ದಾರೆ? ಯಾರೂ ಇಲ್ಲ! ಅದಕ್ಕೇ ನಿರಂಕುಶ ಅಂದೆ."

ದೊರೆ ಹಿಗ್ಗಿ ಹೀರೇಕಾಯಿಯಾದ. "ಡಂಗುರ ಹೊಡೆಸಿರೋ! ಇವತ್ತಿಂದ ಅದೇ ನಮ್ಮ ಬಿರುದು!"

"ನಿರಂಕುಶ ಪ್ರಭುವಿಗೆ ಜಯವಾಗಲಿ!" ಊರೆಲ್ಲ ಕೂಗಿದ್ದೇ ಕೂಗಿದ್ದು. ಗುಟ್ಟಾಗಿ ಆಡ್ತಿದ್ದ ಬೈಗುಳವನ್ನ ಎದುರಿಗೇ ಗಂಟಲು ಬಿಟ್ಟು ಕೂಗೋ ಸುಖವೇ ಬೇರೆ!

ಬಿರುದಿನ ಮೆರವಣಿಗೆಗೆ ಅಂಬಾರಿ ಏರಿದರೂ ದೊರೆಗೆ ತೃಪ್ತಿಯಿಲ್ಲ. "ನಿರಂಕುಶ ಪ್ರಭುವಿನ ಆನೆಗೆ ಅಂಕುಶ ಯಾಕೋ? ಎಸಿ ಅದನ್ನ!"

ಬೆಟ್ಟಯ್ಯ ಎಸೆದ. ಎಸೆದು, ಆನೆಯ ಕಿವಿಯ ಹಿಂದೆ ಕಾಲ್ಬೆರಳಿಂದ ಮೆಲ್ಲಗೆ ಒತ್ತಿದ. ಆನೆ ಸೀದಾ ದೊರೆಯ ಬಾಳೆತೋಟಕ್ಕೇ ನುಗ್ಗಿತು! ಬೇಲಿ ಮುರೀತು, ಗೊನೆಗಳು ಉರುಳಿದವು, ಅಂಬಾರಿ ವಾಲಿತು, ಪೇಟ ಹಾರಿತು. ದೊರೆ ಹಗ್ಗಕ್ಕೆ ಜೋತುಬಿದ್ದು ಅರಚಿದ: "ಅಂಕುಶ! ಅಂಕುಶ ಹಾಕ್ರೋ ಬೇಗ!"

ಆನೆಯ ಕುತ್ತಿಗೆ ಮೇಲಿದ್ದ ಬೆಟ್ಟಯ್ಯ ನಿಧಾನವಾಗಿ ಹಿಂತಿರುಗಿ ನೋಡಿ ಕೇಳಿದ: "ಯಾರಿಗೆ, ಬುದ್ಧೀ?"